ಚಿಪ್ಪು ತುಂಬಿಸಿದವರು

ಸುವಾ
4 ಮಾರ್ಚ್ 2019

ಪ್ರೀತಿಯ ದೊಡ್ಡಪ್ಪನವರಿಗೆ,

ಹಡಗಿನ ಅಡುಗೆಯವನ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ. ಫೋನು ಮಾಡಬಹುದಿತ್ತು. ಆದರೆ ನಮ್ಮ ನಾತುವಾದಲ್ಲಿ ಸಿಗ್ನಲ್ ಸಿಗುವುದು ಚರ್ಚಿನ ಹಿಂದಿನ ದಿಬ್ಬದ ಮೇಲೆ ಮಾತ್ರ. ನೀವು ಅಲ್ಲಿ ನಿಂತು "ಹಲೋ" ಅಂದರೆ ಸಾಕು, ಅರ್ಧ ಊರು ಕೆಲಸ ಬಿಟ್ಟು ಕೇಳುತ್ತಾ ಕೂರುತ್ತದೆ. ನಮ್ಮ ಮಾತು ನಮ್ಮಲ್ಲೇ ಇರಲಿ.

ವಿಷಯ ಏನೆಂದರೆ, ನಾನು ಕಾರ್ಯದರ್ಶಿಯಾಗಿರುವ ಸಂಸತ್ ಸಮಿತಿ ಇದೇ ಇಪ್ಪತ್ತರಂದು ನಮ್ಮೂರಿಗೆ ಬರುತ್ತಿದೆ. ಅಮಲಿನಲ್ಲಿ ಗಾಡಿ ಓಡಿಸುವವರ ಕಾನೂನನ್ನು ತಿದ್ದುವ ಕೆಲಸ ನಮ್ಮದು. ಬಿಯರು ಕುಡಿದವನು ಪೊಲೀಸರ ಕೊಳವೆಗೆ ಊದಿದರೆ ಸಿಕ್ಕಿಬೀಳುತ್ತಾನೆ. ಬೇರು ಕುಟ್ಟಿ ಕಲಸಿದ ನಮ್ಮ ಯಂಗೋನಾ ಕುಡಿದವನು ಊದಿದರೆ ಸೊನ್ನೆ. ತುಟಿ ಮರಗಟ್ಟಿ, ಕಾಲು ಭಾರವಾಗಿ, ಕಣ್ಣು ತೂಗುತ್ತಿದ್ದರೂ ಅವನು ಕಾನೂನಿನ ಲೆಕ್ಕದಲ್ಲಿ ಶುದ್ಧ. ಅವನನ್ನೂ ಕಾನೂನಿನೊಳಗೆ ತರಬೇಕೆ ಬೇಡವೆ ಎಂದು ಜನರನ್ನು ಕೇಳುತ್ತಾ ಊರೂರು ತಿರುಗುತ್ತಿದ್ದೇವೆ. ನೀವು ಈಗಾಗಲೇ ಹಲ್ಲು ಕಡಿಯುತ್ತಿದ್ದೀರಿ ಅಂತ ಗೊತ್ತು. ಬೈಯುವುದಿದ್ದರೆ ಸಮಿತಿಯ ಮುಂದೆ ಬೈಯಿರಿ, ನಾನು ಅಕ್ಷರ ಬಿಡದೆ ಬರೆದುಕೊಳ್ಳುತ್ತೇನೆ.

ಸಿಹಿ ಸುದ್ದಿ ಕೊನೆಗೆ ಇಟ್ಟುಕೊಂಡಿದ್ದೆ. ನಮ್ಮ ಗಾಡಿಯ ಡ್ರೈವರ್ ಕಲಿಯೋವಾ ವೈಲೇಲೆಯವನು. ಹೌದು, ನಿಮ್ಮ ತೌವು! ಅವರ ಮೂಲದೇವರೂ ನಮ್ಮ ಮೂಲದೇವರೂ ಅಣ್ಣತಮ್ಮಂದಿರು ಅಂದಮೇಲೆ ಕಂಡಲ್ಲಿ ಬೈಯುವುದು, ಕೋಳಿ ಕದಿಯುವುದು, ಬೇಡ ಅಂದವನಿಗೆ ಯಂಗೋನಾ ತುಂಬಿದ ತೆಂಗಿನ ಚಿಪ್ಪು ಕುಡಿಸುವುದು ನಿಮ್ಮ ಹುಟ್ಟು ಹಕ್ಕು. ಈ ಕಲಿಯೋವಾ ಮಹಾ ಮೌನಿ, ಸುವಾದಲ್ಲಿ ಯಾರ ಜೊತೆಗೂ ಬೆರೆಯುವುದಿಲ್ಲ. ಅವನನ್ನು ಒಣಗಂಟಲಲ್ಲಿ ವಾಪಸು ಕಳಿಸಿದಿರೋ, ನಾನು ನಿಮ್ಮ ಮಗಳೇ ಅಲ್ಲ.

ನಿಮ್ಮ,
ಉಲಾಮಿಲಾ


ನಾತುವಾ
11 ಮಾರ್ಚ್ 2019

ಮಗಳೇ ಉಲಾ,

ನಿನ್ನ ಪತ್ರ ಬಂತು, ಜೊತೆಗೆ ಅಡುಗೆಯವನ ಮೀನಿನ ವಾಸನೆಯೂ ಬಂತು.

ಬರಲಿ ನಿನ್ನ ಸಮಿತಿ. ಮೂವತ್ತು ವರ್ಷದಿಂದ ನಾನು ನಮ್ಮ ಒಡೆಯರ ಬಾಯಿಯಾಗಿದ್ದೇನೆ, ಅವರು ಸುಮ್ಮನೆ ಕೂತಿರುತ್ತಾರೆ, ನಾನು ಮಾತಾಡುತ್ತೇನೆ. ಅವತ್ತೂ ಮಾತಾಡುತ್ತೇನೆ. ಬಿಯರು ಕುಡಿದವನು ಹೆಂಡತಿಗೆ ಹೊಡೆಯುತ್ತಾನೆ, ಯಂಗೋನಾ ಕುಡಿದವನು ಹೆಂಡತಿಯ ಮಾತು ಕೇಳುತ್ತಾ ನಿದ್ದೆ ಹೋಗುತ್ತಾನೆ. ಇದಕ್ಕೆ ಕಾನೂನು ಬೇರೆ ಕೇಡು! ನಮ್ಮ ರಸ್ತೆಯಲ್ಲಿ ಈ ಬೇರಿನಿಂದ ಒಂದು ನಾಯಿಗೂ ಪೆಟ್ಟಾಗಿಲ್ಲ ಅಂತ ಹೇಳುತ್ತೇನೆ, ಬರೆದುಕೋ.

ಆ ವೈಲೇಲೆಯ ಬಾವಲಿ ಬರುತ್ತಿದ್ದಾನಾ? ಅವನ ಅಜ್ಜ ನನ್ನ ಅಪ್ಪನ ಹಂದಿ ಕದ್ದು, ನನ್ನ ಅಪ್ಪನಿಗೇ ಊಟಕ್ಕೆ ಬಡಿಸಿದವನು. ನಾನು ಅದನ್ನು ಮರೆತಿಲ್ಲ. ಐದು ವರ್ಷದ ಬೇರು ಕಿತ್ತು ಒಣಗಿಸಿದ್ದೇನೆ. ನಿನ್ನ ದೊಡ್ಡ ಮನುಷ್ಯರಿಗೆ ಅರ್ಧ ಚಿಪ್ಪು. ಅವನಿಗೆ ಮಾತ್ರ ಉಬ್ಬರದ ಅಳತೆ, ಅಂಚು ತುಳುಕಬೇಕು.

ನಿನ್ನ ದೊಡ್ಡಪ್ಪ,
ಇಸಿರೇಲಿ


ಸುವಾ
25 ಮಾರ್ಚ್ 2019

ದೊಡ್ಡಪ್ಪನವರಿಗೆ,

ಇಪ್ಪತ್ತರಂದು ನಾತುವಾದಲ್ಲಿ ಸಮಿತಿಗೆ ನೀಡಿದ ಸ್ವಾಗತಕ್ಕೆ ಅಧ್ಯಕ್ಷರು ಕೃತಜ್ಞತೆ ತಿಳಿಸಲು ಹೇಳಿದ್ದಾರೆ. ನಿಮ್ಮ ಹೇಳಿಕೆಯನ್ನು ಮೂವತ್ತೆಂಟನೆಯ ಅಹವಾಲಾಗಿ ದಾಖಲಿಸಿದ್ದೇವೆ.

ಹಿಂದಿರುಗುವಾಗ ವುನಿವಾವು ಸೇತುವೆಯ ಆಚೆಯ ತಿರುವಿನಲ್ಲಿ ಗಾಡಿ ರಸ್ತೆ ಬಿಟ್ಟು ಇಳಿಯಿತು. ನಿಮಗೆ ಯಾರಾದರೂ ಹೇಳಿರಬಹುದು. ಸದಸ್ಯರೆಲ್ಲ ಕ್ಷೇಮ. ನನಗೆ ಮೊಣಕೈ ತರಚಿದೆ, ಅಷ್ಟೇ. ರಸ್ತೆ ಬದಿಯಲ್ಲಿದ್ದ ಒಬ್ಬ ಮಹಿಳೆಗೆ ಪೆಟ್ಟಾಗಿದೆ. ಪೊಲೀಸರು ವಿಚಾರಣೆ ನಡೆಸುತ್ತಿದ್ದಾರೆ. ಡ್ರೈವರನಿಗೆ ಊದಿಸಿದರು, ಸೊನ್ನೆ ಬಂತು. ನೀವು ಚಿಂತಿಸಬೇಡಿ. ಊರಿನವರ ಹತ್ತಿರ ಈ ಬಗ್ಗೆ ಹೆಚ್ಚು ಮಾತು ಬೇಡ.

ಇಲ್ಲಿ ಕೆಲಸ ಬಹಳ. ವರದಿ ಜೂನ್ ಕೊನೆಗೆ ಸದನದ ಮುಂದೆ ಹೋಗಬೇಕು.

ಉಲಾಮಿಲಾ


ನಾತುವಾ
2 ಏಪ್ರಿಲ್ 2019

ಮಗಳೇ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಓದಿದಾಗ ಇದು ಬೇರೆ ಯಾರಿಗೋ ಬರೆದದ್ದು, ತಪ್ಪಿ ನನಗೆ ಬಂದಿದೆ ಅನ್ನಿಸಿತು.

"ಒಬ್ಬ ಮಹಿಳೆ" ಅಂತ ಬರೆದಿದ್ದೀಯ. ಅವಳು ಮೆರೆಲಿತಾ, ಆ ತಿರುವಿನ ಏಡಿ ಅಂಗಡಿಯವಳು. ನೀನು ಗಾಡಿಯಿಂದ ಇಳಿದು ನೋಡಿರಲೇಬೇಕು, ಗುರುತು ಸಿಗಲಿಲ್ಲವೇ? ಚಿಕ್ಕವಳಿದ್ದಾಗ ನೀನು ರಸ್ತೆಯಲ್ಲಿ ಕೂತು ಹಟ ಮಾಡಿದರೆ ಹಗ್ಗ ಕಟ್ಟಿದ ಏಡಿ ಕೈಗೆ ಕೊಟ್ಟು ಸುಮ್ಮನಾಗಿಸುತ್ತಿದ್ದಳಲ್ಲ, ಅವಳು. ಲಂಬಾಸಾ ಆಸ್ಪತ್ರೆಯಲ್ಲಿ ಬಲಗಾಲನ್ನು ಮೊಣಕಾಲಿನ ಮೇಲಿನಿಂದ ಕತ್ತರಿಸಿ ತೆಗೆದರು. ಪೆಟ್ಟಿನ ಬಗ್ಗೆ ನೀನು ಬರೆಯದೆ ಬಿಟ್ಟದ್ದು ಇದು.

ಕಲಿಯೋವಾ ಎಷ್ಟು ಕುಡಿದ ಅಂತ ಪೊಲೀಸನೊಬ್ಬ ಬಂದು ಕೇಳಿದ. ನೆನಪಿಲ್ಲ ಅಂದೆ. ಒಂದೋ ಎರಡೋ ಇರಬಹುದು ಅಂದೆ. ನಿನಗೂ ಅದನ್ನೇ ಹೇಳುತ್ತೇನೆ, ನನಗೆ ನೆನಪಿಲ್ಲ. ವಯಸ್ಸಾಯಿತು.

ಯಂಗೋನಾ ಕಲಸುವ ಪಾತ್ರೆಯನ್ನು ತೊಳೆದು ಬೋರಲು ಹಾಕಿದ್ದೇನೆ. ಸಂಜೆ ಗಂಡಸರು ಬಂದು ಬಾಗಿಲಲ್ಲಿ ನಿಂತು ಹೋಗುತ್ತಾರೆ. ಬಸ್ಸಿನಲ್ಲಿ ವುನಿವಾವು ದಾಟುವಾಗ ನಾನು ಆಚೆ ಕಿಟಕಿಗೆ ಮುಖ ಮಾಡಿ ಕೂರುತ್ತೇನೆ. ಒಂದು ನಾಯಿಗೂ ಪೆಟ್ಟಾಗಿಲ್ಲ ಅಂತ ಎದೆ ತಟ್ಟಿ ಹೇಳಿದ ಬಾಯಿ ಇದು. ಅದೂ ಬೆಳಿಗ್ಗೆ ಹೇಳಿದ್ದು, ಸಂಜೆ ನಾಲ್ಕಕ್ಕೆ ಈ ಕತೆ. ಮೂವತ್ತೆಂಟನೆಯ ಅಹವಾಲು ಅಂದೆಯಲ್ಲ, ಅದನ್ನು ವಾಪಸು ತೆಗೆದುಕೊಳ್ಳಲು ಬರುತ್ತದೆಯೇ?

ಆ ಮಧ್ಯಾಹ್ನದ ಬಗ್ಗೆ ನೀನು ಏನು ಬರೆದುಕೊಂಡಿದ್ದೀಯ?

ಇಸಿರೇಲಿ


ಸುವಾ
23 ಏಪ್ರಿಲ್ 2019

ದೊಡ್ಡಪ್ಪನವರಿಗೆ,

ತಡವಾಯಿತು, ಕ್ಷಮಿಸಿ.

ದಾಖಲಾದ ಅಹವಾಲನ್ನು ಹಿಂತೆಗೆದುಕೊಳ್ಳಲು ಬರುವುದಿಲ್ಲ. ನಡಾವಳಿಗೆ ಸಮಿತಿಯ ಒಪ್ಪಿಗೆ ಆಗಿದೆ. "ಸ್ವಾಗತ ಕಾರ್ಯಕ್ರಮದ ವೇಳೆ ಚಾಲಕರು ವಾಹನದಲ್ಲಿಯೇ ಇದ್ದರು" ಎಂದಿದೆ. ಕಲಿಯೋವಾನನ್ನು ಕೆಲಸದಿಂದ ಅಮಾನತು ಮಾಡಿದ್ದಾರೆ. ಅಜಾಗರೂಕ ಚಾಲನೆಯ ಮೊಕದ್ದಮೆ ಜೂನ್ ಹದಿನೆಂಟಕ್ಕೆ ಸಾವುಸಾವು ಕೋರ್ಟಿನಲ್ಲಿ ಬರುತ್ತದೆ. ಹಿಂದಿನ ರಾತ್ರಿ ಹಡಗಿನಲ್ಲಿ ನಿದ್ದೆ ಇರಲಿಲ್ಲ, ಕಣ್ಣು ಮುಚ್ಚಿತು ಎಂದು ಅವನೇ ಹೇಳಿಕೆ ಕೊಟ್ಟಿದ್ದಾನೆ. ಯಾರೂ ಹೇಳಿಸಿದ್ದಲ್ಲ.

ಒಂದು ಕೇಳಿಕೊಳ್ಳುತ್ತೇನೆ. ಮಾರ್ಚ್ ನಾಲ್ಕರ ನನ್ನ ಪತ್ರ ನಿಮ್ಮ ಹತ್ತಿರ ಇದ್ದರೆ ದಯವಿಟ್ಟು ಒಲೆಗೆ ಹಾಕಿ. ಕಾರಣ ಕೇಳಬೇಡಿ.

ಉಲಾಮಿಲಾ


ನಾತುವಾ
6 ಮೇ 2019

ಮಗಳೇ,

ಹಾಕಿದೆ. ಸುಟ್ಟುಹೋಯಿತು. ನಿಶ್ಚಿಂತೆಯಾಗಿರು.

ಕಾರಣ ಕೇಳಬೇಡಿ ಅಂದೆ, ಆದರೆ ನನಗೆ ಅರ್ಥವಾಯಿತು. ಅವನು ನನ್ನ ತೌವು ಅಂತ ಅದರಲ್ಲಿ ಬರೆದಿತ್ತು. ಯಾರಾದರೂ ಓದಿದರೆ ಕುಡಿಸಿದವನು ಈ ಮುದುಕನೇ ಅಂತ ಗೊತ್ತಾಗುತ್ತದೆ. ನನ್ನ ಮರ್ಯಾದೆ ಉಳಿಸಲು ನೀನು ನಿನ್ನ ಕೆಲಸಕ್ಕೆ ಕಳಂಕ ಹಚ್ಚಿಕೊಂಡೆ. ಓದುತ್ತಾ ನನಗೆ ಅಳು ಬಂತು. ಇಷ್ಟು ಒಳ್ಳೆಯ ಮಗಳಿಗೆ ನಾನು ಯೋಗ್ಯನಲ್ಲ.

ಕೇಳು, ಕಳೆದ ಬುಧವಾರ ಏನಾಯಿತು ಅಂತ. ಕಲಿಯೋವಾ ಬಂದಿದ್ದ. ಜೊತೆಗೆ ಅವರ ಊರಿನ ನಾಲ್ಕು ಜನ, ಕೈಯಲ್ಲಿ ತಪ್ಪೊಪ್ಪಿ ಕ್ಷಮೆ ಕೇಳುವ ತಿಮಿಂಗಿಲದ ಹಲ್ಲು. ಮೆರೆಲಿತಾ ಮನೆಯಂಗಳದಲ್ಲಿ ಬಿಸಿಲಿಗೆ ತಲೆ ತಗ್ಗಿಸಿ ಕೂತರಂತೆ, ಒಳಗಿನಿಂದ ಕರೆ ಬರುವವರೆಗೆ. ಎರಡು ತಾಸು. ಹಲ್ಲನ್ನು ಸ್ವೀಕರಿಸಿದರು. ಏನಾಯಿತಪ್ಪಾ ಅಂತ ಅವಳ ಅಣ್ಣ ಕೇಳಿದ್ದಕ್ಕೆ, "ನಿದ್ದೆ ಬಂತು ಅಣ್ಣಾ, ತಪ್ಪು ನಂದೇ" ಅಂದನಂತೆ. ನಮ್ಮೂರಿನ ಹೆಸರೆತ್ತಲಿಲ್ಲ. ಎತ್ತುವುದೂ ಇಲ್ಲ. ತೌವು ಕೊಟ್ಟ ಚಿಪ್ಪಿನ ಬಗ್ಗೆ ದೂರು ಹೇಳುವವನು ಇನ್ನೂ ಹುಟ್ಟಿಲ್ಲ.

ಹೋಗುವಾಗ ನಮ್ಮ ಅಂಗಳಕ್ಕೆ ಬಂದ. ನಾನು ಮನೆಯ ಹಿಂದೆ ಗೆಣಸಿನ ಪಾತಿಯಲ್ಲಿ ಅಡಗಿ ಕೂತಿದ್ದೆ. ಹುಡುಕಿಕೊಂಡೇ ಬಂದುಬಿಟ್ಟ.

"ಏಯ್ ಮುದುಕಾ, ಇಲ್ಲಿ ಅವಿತ್ಕೊಂಡಿದೀಯಾ? ನಿನ್ನ ಬೇರು ಬರೀ ನೀರು ಕಣೋ. ನಮ್ಮೂರಲ್ಲಿ ಕೂಸಿಗೆ ಕುಡಿಸ್ತೀವಿ ಅಂಥದ್ನ" ಅಂದ.

ತೌವು ಬೈದರೆ ತಿರುಗಿ ಬೈಯಬೇಕು. ಅದು ಅವನಿಗೆ ಸಲ್ಲಬೇಕಾದ ಮರ್ಯಾದೆ. ನನ್ನ ಬಾಯಿಂದ ಒಂದು ಮಾತು ಹೊರಡಲಿಲ್ಲ. ಅವನು ಕಾದ. ಕೊನೆಗೆ ನನ್ನ ಪಕ್ಕ ಕೂತು ಎರಡು ಗೆಣಸು ಕಿತ್ತು ಜೋಳಿಗೆಗೆ ಹಾಕಿಕೊಂಡು, "ಕದ್ದೆ ನೋಡು" ಅಂತ ಹೇಳಿ ಹೋದ. ನನ್ನ ಮೇಲೆ ಕರುಣೆಯಿಂದ ಕದ್ದ, ಉಲಾ. ನಾಚಿಕೆಯಿಂದ ಸತ್ತೇ ಹೋದೆ.

ಬೇಗ ಬರೆ.

ನಿನ್ನ ದೊಡ್ಡಪ್ಪ,
ಇಸಿರೇಲಿ


ನಾತುವಾ
10 ಜೂನ್ 2019

ಮಗಳೇ,

ಐದು ವಾರವಾಯಿತು, ನಿನ್ನಿಂದ ಒಂದಕ್ಷರ ಇಲ್ಲ. ಹಡಗು ಬಂದಾಗಲೆಲ್ಲ ಅಡುಗೆಯವನು ದೂರದಿಂದಲೇ ಬರಿಗೈ ತೋರಿಸುತ್ತಾನೆ.

ಸುಳ್ಳು ಹೇಳಿ ಹೇಳಿ ಸಾಕಾಗಿದೆ. ಈಗ ಇದ್ದದ್ದನ್ನು ಹೇಳುತ್ತೇನೆ. ಅವನು ಕುಡಿದದ್ದು ಏಳು ಚಿಪ್ಪು. ಏಳೂ ಉಬ್ಬರ. "ಗಾಡಿ ಇದೆ ತಾತಾ, ದೊಡ್ಡೋರು ಕೂತಿರ್ತಾರೆ, ಬೇಡ" ಅಂತ ಮೂರು ಸಲ ಕೈ ಮುಗಿದ. ನಾನು ಬಿಡಲಿಲ್ಲ. "ವೈಲೇಲೆ ಗಂಡಸ್ರು ಯಾವಾಗ್ಲಿಂದ ಹೆಂಗಸ್ರಾದ್ರು?" ಅಂದೆ. ಸಭೆ ಬಿದ್ದು ಬಿದ್ದು ನಕ್ಕಿತು. ನಿನ್ನ ಅಧ್ಯಕ್ಷರೂ ಚಪ್ಪಾಳೆ ತಟ್ಟಿದರು. ಜನ ನಗುತ್ತಿದ್ದರೆ ನನಗೆ ನಿಲ್ಲಿಸಲು ಬರುವುದಿಲ್ಲ.

ಹದಿನೆಂಟಕ್ಕೆ ನಾನು ಕೋರ್ಟಿಗೆ ಹೋಗುತ್ತೇನೆ. ಒಡೆಯರಿಗೆ ಹೇಳಿದೆ. "ಊರಿನ ಹೆಸರು ಕೆಡುತ್ತಲ್ಲ ಇಸಿರೇಲಿ" ಅಂದರು. "ಊರಿನ ಬಾಯಾಗಿ ಹೋಗ್ತಿಲ್ಲ ಒಡೆಯಾ, ನನ್ನ ಬಾಯಾಗಿ ಹೋಗ್ತಿದೀನಿ" ಅಂದೆ. ಮೂವತ್ತು ವರ್ಷದಲ್ಲಿ ಮೊದಲ ಸಲ ನನಗೇ ಅಂತ ಒಂದು ಬಾಯಿ ಬಂತು.

ಇನ್ನೊಂದು ಸುಳ್ಳು. ನಿನ್ನ ಪತ್ರ ಸುಡಲಿಲ್ಲ. ಒಲೆಯ ಮುಂದೆ ಕೂತು ಇನ್ನೊಮ್ಮೆ ಓದಿದೆ, ಅಂಥ ಖುಷಿಯ ಪತ್ರ, ಕೈ ಬರಲಿಲ್ಲ. ಇದರ ಜೊತೆ ಇಟ್ಟಿದ್ದೇನೆ. ನಾನು ಅದನ್ನು ಕೋರ್ಟಿಗೆ ಒಯ್ಯುವುದಿಲ್ಲ, ನಿನ್ನ ಹೆಸರೂ ಎತ್ತುವುದಿಲ್ಲ. ನಿನ್ನ ಪತ್ರ, ನಿನ್ನ ಕೈಲಿರಲಿ.

ನಿನ್ನೆ ಮೆರೆಲಿತಾಳನ್ನು ನೋಡಿಬಂದೆ. ಹೊಸ ಊರುಗೋಲು ಹಿಡಿದು ಕೂತಿದ್ದಳು. ಕುಡಿಸಿದವನು ನಾನು ಅಂದೆ. "ಗೊತ್ತು" ಅಂದಳು. "ನಿಮ್ ಚಪ್ಪಾಳೆ ಗಾಳಿಗೆ ನನ್ ಅಂಗಡಿ ತನಕ ಕೇಳ್ತಿತ್ತು." ಆಮೇಲೆ ಒಂದು ಮಾತು ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ, ನಿನ್ನನ್ನು ಕೇಳುತ್ತೇನೆ.

ಅವತ್ತು ಅವಳು ಸುಮ್ಮನೆ ರಸ್ತೆ ಬದಿ ನಿಂತಿರಲಿಲ್ಲವಂತೆ. ಅಂಗಡಿ ಬಿಟ್ಟು ಸಭೆಗೆ ಬರಲಾಗದೆ, ಹೇಳಬೇಕಾದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಗಾಡಿಗೆ ಅಡ್ಡ ಕೈ ಮಾಡುತ್ತಿದ್ದಳಂತೆ, ನಿಮ್ಮ ಸಮಿತಿಗೆ ಕೊಡಲು. ನೀನು ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಾಗ ಆ ಹಾಳೆಯನ್ನು ನಿನ್ನ ಕೈಗೆ ಕೊಟ್ಟಳಂತೆ.

"ಉಲಾನ್ನ ಕೇಳಿ, ನನ್ ಕಾಗ್ದ ಸಮಿತೀಗೆ ತಲುಪ್ತಾ ಅಂತ" ಅಂದಳು.

ತಲುಪಿತೇ?

ಇಸಿರೇಲಿ


ಸುವಾ
26 ಜೂನ್ 2019

ದೊಡ್ಡಪ್ಪ,

ತಲುಪಿರಲಿಲ್ಲ. ಮೂರು ತಿಂಗಳು ನನ್ನ ಮೇಜಿನ ಡ್ರಾಯರಿನಲ್ಲಿ ಇತ್ತು. ಮಣ್ಣು ಮೆತ್ತಿತ್ತು, ಒರೆಸಲೂ ಇಲ್ಲ.

ನಿಮ್ಮ ಮೇ ತಿಂಗಳ ಪತ್ರಕ್ಕೆ ನಾನು ಉತ್ತರ ಬರೆಯಲಿಲ್ಲ ಏಕೆಂದರೆ ಅದರಲ್ಲಿ ನೀವು ನನ್ನನ್ನು ಒಳ್ಳೆಯವಳು ಅಂದಿರಿ. ನಾನು ಆ ಪತ್ರ ಸುಡಲು ಹೇಳಿದ್ದು ನಿಮ್ಮ ಮರ್ಯಾದೆಗಲ್ಲ. ಒಣಗಂಟಲಲ್ಲಿ ಕಳಿಸಬೇಡಿ ಅಂತ ಬರೆದ ಕೈ ನನ್ನದು. ಕುಡಿಸಿದವರು ನೀವಾದರೆ ಕುಡಿಸಿ ಅಂದವಳು ನಾನು. ನಿಮ್ಮ ನೆನಪು ಮಸುಕಾಗಲಿ, ಪತ್ರ ಬೂದಿಯಾಗಲಿ, ನನ್ನ ಕುರ್ಚಿ ಉಳಿಯಲಿ ಅಂದುಕೊಂಡೆ. ನಿಮಗೆ ಗೊತ್ತಿಲ್ಲದ್ದು ಇನ್ನೂ ಇದೆ.

ಅವನು ಮೂರು ಸಲ ಬೇಡ ಅಂದದ್ದು ನೀವು ಕೇಳಿದಿರಿ. ನಾಲ್ಕನೆಯ ಸಲ ಅಂದದ್ದು ನನ್ನ ಹತ್ತಿರ. ಬಾಗಿಲ ಬಳಿ ಬಂದು, "ಅಕ್ಕಾ, ನೀವಾದ್ರೂ ಹೇಳಿ, ಬಿಟ್ಬಿಡ್ಲಿ ನನ್ನ" ಅಂದ. ನಾನು ನಗುತ್ತಾ ಅವನ ಕೈಯಿಂದ ಗಾಡಿಯ ಕೀಲಿಕೈ ಕಿತ್ತುಕೊಂಡು, "ಇದು ನನ್ ಹತ್ರ ಇರ್ಲಿ, ಹೋಗಿ ಕೂತ್ಕೋ. ನಮ್ಮ ದೊಡ್ಡಪ್ಪನ ಮಾನ ಕಳೀಬೇಡ" ಅಂದೆ. ಅವನು ನನ್ನನ್ನು ನಂಬಿದ, ದೊಡ್ಡಪ್ಪ. ಕೀಲಿಕೈ ಇವಳ ಹತ್ತಿರ ಇದೆ, ವಾಪಸು ಓಡಿಸಲು ಬೇರೆ ಯಾರನ್ನಾದರೂ ನೋಡುತ್ತಾಳೆ ಅಂದುಕೊಂಡ. ನಾಲ್ಕು ಗಂಟೆಗೆ ಅಧ್ಯಕ್ಷರು ಗಡಿಯಾರ ನೋಡಿ, ಹೊರಡೋಣ ಅಂದರು. ನಾನು ಅದೇ ಕೀಲಿಕೈಯನ್ನು ತಿರುಗಿ ಅವನ ಕೈಗೆ ಕೊಟ್ಟೆ. ಅವನ ಬೆರಳು ಸರಿಯಾಗಿ ಮಡಚಲಿಲ್ಲ, ಕೆಳಗೆ ಬಿತ್ತು. ನಾನೇ ಎತ್ತಿ ಮತ್ತೆ ಕೊಟ್ಟೆ.

ನಡಾವಳಿ ಬರೆಯುವಾಗ ಅಧ್ಯಕ್ಷರು ಕರೆದರು. "ಉಲಾಮಿಲಾ, ನಾವು ಯಾವ ವಿಷಯದ ಸಮಿತಿ ಅಂತ ನೆನಪಿದೆಯಲ್ಲ? ಪೇಪರ್‌ನವ್ರು ಬಿಡ್ತಾರಾ? ಡ್ರೈವರ್‌ಗಳು ಗಾಡೀಲೇ ಇರ್ತಾರೆ ಕಣಮ್ಮ, ಹಾಗೇ ಬರಿ" ಅಂದರು. ಅವರು ಗದರಿಸಲಿಲ್ಲ, ಹೆದರಿಸಲೂ ಇಲ್ಲ. ಒಂದು ಸಲ ಹೇಳಿದರು, ಬರೆದೆ.

ನಿಮ್ಮ ಪತ್ರ ಬಂದದ್ದು ಹದಿನಾಲ್ಕರಂದು. ಹದಿನೇಳಕ್ಕೆ ಸಮಿತಿಯ ಕೊನೆಯ ಬೈಠಕ್ಕು, ವರದಿಗೆ ಸಹಿ ಹಾಕುವ ದಿನ. ಇನ್ನೂ ದಾಖಲಾಗದ ಅಹವಾಲು ಒಂದು ಉಳಿದಿದೆ ಅಂದೆ. ಕಾರ್ಯದರ್ಶಿ ಹಾಗೆ ಅಂದರೆ ಓದಲು ಬಿಡಲೇಬೇಕು, ಅದು ನಿಯಮ. ಮೆರೆಲಿತಾ ಅತ್ತೆಯ ಹಾಳೆ ತೆಗೆದು ಓದಿದೆ. ನಿಮಗೂ ಬರೆಯುತ್ತೇನೆ:

"ಸಮಿತಿಯ ದೊಡ್ಡವರಿಗೆ. ಈ ತಿರುವಿನಲ್ಲಿ ನಾನು ಮೂವತ್ತೈದು ವರ್ಷದಿಂದ ಏಡಿ ಮಾರುತ್ತೇನೆ. ಯಂಗೋನಾ ಕುಡಿದವರ ಗಾಡಿ ಯಾವುದು ಅಂತ ನನಗೆ ದೂರದಿಂದಲೇ ತಿಳಿಯುತ್ತದೆ. ಅದು ಜೋರಾಗಿ ಬರುವುದಿಲ್ಲ. ಮೆಲ್ಲಗೆ ಬಂದು ಮೆಲ್ಲಗೆ ರಸ್ತೆ ಬಿಡುತ್ತದೆ. ಓಡಿಸಿದವನನ್ನು ಹಿಡಿಯಿರಿ, ಬೇಡ ಅನ್ನುವುದಿಲ್ಲ. ಆದರೆ ಹೊರಟವನ ಕೈಗೆ ಚಿಪ್ಪು ಕೊಟ್ಟವರ ಹೆಸರನ್ನೂ ಬರೆದುಕೊಳ್ಳಿ. ಅವರು ಯಾವಾಗಲೂ ಮನೆಯಲ್ಲೇ ಉಳಿದಿರುತ್ತಾರೆ."

ಅಧ್ಯಕ್ಷರು, "ಆಯ್ತು, ದಾಖಲಿಸಿ" ಅಂದರು. ಇದಕ್ಕೆ ಒಂದು ಲಗತ್ತು ಇದೆ ಅಂತ ಹೇಳಿ ನನ್ನ ಮಾರ್ಚ್ ನಾಲ್ಕರ ಪತ್ರ ಓದತೊಡಗಿದೆ. ಬಾವಲಿ, ಹಂದಿ ಎಲ್ಲ ನಿಮ್ಮ ಪತ್ರದಲ್ಲಿದ್ದವು, ಅವನ್ನು ಓದಲಿಲ್ಲ. ನನ್ನದನ್ನು ಮಾತ್ರ ಓದಿದೆ. "ನಾನು ನಿಮ್ಮ ಮಗಳೇ ಅಲ್ಲ" ಅನ್ನುವ ಸಾಲಿಗೆ ಬಂದಾಗ ನಿಲ್ಲಿಸಿದೆ. ನೀರು ಕುಡಿದು ಮುಗಿಸಿದೆ. ಆಮೇಲೆ ಕೀಲಿಕೈಯ ವಿಷಯ ಹೇಳಿದೆ, ನಡಾವಳಿಯ ವಿಷಯ ಹೇಳಿದೆ. ಅಧ್ಯಕ್ಷರು ಮೈಕು ಆರಿಸಿದರು. ಆ ಹೊತ್ತಿಗೆ ಎಲ್ಲ ಧ್ವನಿಮುದ್ರಣವಾಗಿತ್ತು.

ಮೆರೆಲಿತಾ ಅತ್ತೆಯ ಕಾಗದ ನಲವತ್ತೊಂದನೆಯ ಅಹವಾಲು. ತಲುಪಿತು ಅಂತ ಹೇಳಿ. ತಡವಾಗಿ ತಲುಪಿತು ಅಂತಲೂ ಹೇಳಿ.

ಪೊಲೀಸರಿಗೂ ಬರೆದುಕೊಟ್ಟೆ. ನೀವು ಕೋರ್ಟಿನಲ್ಲಿ ನಿಂತು ಏಳು ಚಿಪ್ಪು ಅಂದದ್ದು, ಮ್ಯಾಜಿಸ್ಟ್ರೇಟರು ತೀರ್ಪನ್ನು ಮುಂದಕ್ಕೆ ಹಾಕಿದ್ದು ಕಲಿಯೋವಾನೇ ಫೋನಿನಲ್ಲಿ ಹೇಳಿದ. ಜೈಲು ತಪ್ಪುತ್ತದೋ ಇಲ್ಲವೋ ಗೊತ್ತಿಲ್ಲ. ಗಾಡಿ ಓಡಿಸಿದ್ದು ಅವನೇ ತಾನೆ. "ಅಕ್ಕಾ, ನಾನು ಬೇಡ ಅಂದಿದ್ದು ಬರ್ಕೊಂಡ್ರಾ?" ಅಂತ ಕೇಳಿದ. ನಾಲ್ಕೂ ಸಲ ಅಂದದ್ದನ್ನು ಬರೆದಿದ್ದೇನೆ ಅಂದೆ. "ಅಷ್ಟು ಸಾಕು" ಅಂದ. ನಿಮ್ಮ ಗೆಣಸು ಹುಳುಕು ಅಂತ ಹೇಳಲು ಹೇಳಿದ. ಈ ಸಲ ತಿರುಗಿ ಬೈಯಿರಿ ದೊಡ್ಡಪ್ಪ, ಅವನು ಕಾಯುತ್ತಿದ್ದಾನೆ.

ನನ್ನನ್ನು ಅಮಾನತು ಮಾಡಿದ್ದಾರೆ. ಶನಿವಾರದ ಹಡಗಿಗೆ ಬರುತ್ತೇನೆ. ಮನೆಗೆ ಬರುವ ಮೊದಲು ವುನಿವಾವಿನಲ್ಲಿ ಇಳಿಯುತ್ತೇನೆ. ಅತ್ತೆಯ ಅಂಗಳದಲ್ಲಿ ಕೂರುತ್ತೇನೆ, ಕರೆದರೆ ಒಳಗೆ ಹೋಗುತ್ತೇನೆ. ಬೇಕಾದರೆ ನೀವು ಬಂದು ಪಕ್ಕದಲ್ಲಿ ಕೂರಿ, ಆದರೆ ಅಲ್ಲಿ ನನ್ನ ಪರವಾಗಿ ಮಾತಾಡಬೇಡಿ. ಅದನ್ನು ನಾನೇ ಹೇಳಬೇಕು.

ಊರಿನವರು ಏನಾದರೂ ಅನ್ನಲಿ, ನನಗಾಗಿ ಬೇರು ಕುಟ್ಟಿಸಬೇಡಿ. ಒಣಗಂಟಲಲ್ಲೇ ಬರುತ್ತೇನೆ.

ನಿಮ್ಮ ಮಗಳು,
ಉಲಾ